ಕೊಡದ ಮಾತ್ರೆಗೆ ಹಾಕಿದ ಗೀಟು

ಎಂಟು ದಿನ ನಾನು ಕೆಂಚನಿಗೆ ಸರಿಯಾಗಿ ಮಾತ್ರೆ ಕೊಡಲಿಲ್ಲ. ಕೊಟ್ಟೆ ಅಂತ ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ ಗೀಟು ಮಾತ್ರ ಹಾಕಿದೆ, ಬೆಳಗ್ಗೆ ಒಂದು, ಸಂಜೆ ಒಂದು. ಈ ಮಾತನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಕೊನೆಗೆ ಇಟ್ಟುಕೊಂಡರೆ ಅಲ್ಲಿಯವರೆಗೆ ಓದುವವರು ನನ್ನನ್ನು ಒಳ್ಳೆಯವನು ಅಂದುಕೊಳ್ಳುತ್ತಾರೆ. ಹಾಗೆ ಅನ್ನಿಸಿಕೊಂಡು ನನಗೆ ಒಮ್ಮೆ ಸಾಕಾಗಿದೆ.

ಕೆಂಚ ನಮ್ಮ ಮನೆಯ ನಾಯಿ. ಬೀದಿಯಲ್ಲಿ ಸಿಕ್ಕ ಕೆಂಪು ನಾಯಿ, ಜಾತಿ ನಾಯಿಯಲ್ಲ. ಈಗ ಐದು ವರ್ಷ. ಅವನಿಗೆ ಫಿಟ್ಸ್ ಇದೆ. ಮನುಷ್ಯರಿಗೆ ಬರುತ್ತದಲ್ಲ, ಅದೇ. ನಾಯಿಗೂ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇಂಥದೊಂದು ನಾಯಿ ನಿಮ್ಮ ಮನೆಯಲ್ಲಿದ್ದು, ಅದು ಬಿದ್ದು ಒದ್ದಾಡುವಾಗ ಏನು ಮಾಡಬೇಕು ಅಂತ ತಿಳಿಯದೆ ನೀವು ನಿಂತಿದ್ದರೆ, ನಾವೂ ಹಾಗೇ ನಿಂತಿದ್ದೆವು. ಅದನ್ನು ಹೇಳಲು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಇಷ್ಟು ಉದ್ದ ಯಾವತ್ತೂ ಬರೆದವನಲ್ಲ.

ನಮ್ಮ ಊರು ಶಿಡ್ಲಘಟ್ಟದ ಹತ್ತಿರ. ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳು ಸಾಕುತ್ತೇವೆ. ಮನೆಯಲ್ಲಿ ನಾನು ಮತ್ತು ಅಮ್ಮ. ನನಗೆ ಮದುವೆಯಾಗಿಲ್ಲ. ಹುಳು ಸಾಕುವ ಮನೆಗೆ ಹೆಣ್ಣು ಕೊಡುವವರು ಈಗ ಕಡಿಮೆ, ದಿನವಿಡೀ ಸೊಪ್ಪು ಕೊಯ್ಯಬೇಕಲ್ಲ ಅಂತ. ತಂಗಿ ವೇಣಿ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯಲ್ಲಿ ಫ್ಯಾಕ್ಟರಿ ಕೆಲಸ. ಅಲ್ಲೇ ಗೌರಿಬಿದನೂರಲ್ಲಿ ಇನ್ನೂ ಇಬ್ಬರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಶನಿವಾರ ಸಂಜೆ ಬರುತ್ತಾಳೆ, ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೋಗುತ್ತಾಳೆ. ಕೆಂಚ ಅವಳ ನಾಯಿ. ಮರಿಯಾಗಿದ್ದಾಗ ಫ್ಯಾಕ್ಟರಿ ಗೇಟಿನ ಹತ್ತಿರ ಸಿಕ್ಕಿದ್ದ, ರೂಮಿನ ಓನರ್ ಬೇಡ ಅಂದರು, ಊಟದ ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೆ ತಂದಳು.

ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಗ್ಗೆ. ಶಿವರಾತ್ರಿ ಕಳೆದಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೆಂಚ ಅಂಗಳದಲ್ಲಿ ನಿಂತಿದ್ದವನು ಗೋಡೆಯನ್ನೇ ನೋಡತೊಡಗಿದ. ಕರೆದರೆ ತಿರುಗಲಿಲ್ಲ. ಆಮೇಲೆ ಮರದ ತುಂಡು ಬಿದ್ದ ಹಾಗೆ ಪಕ್ಕಕ್ಕೆ ಬಿದ್ದ. ನಾಲ್ಕೂ ಕಾಲು ಈಜುವ ಹಾಗೆ ಆಡುತ್ತಿದ್ದವು, ಹಲ್ಲು ಕಟಕಟ ಅನ್ನುತ್ತಿತ್ತು, ಬಾಯಿಂದ ನೊರೆ. ಉಚ್ಚೆ ಹೊಯ್ದುಕೊಂಡ. ಅಮ್ಮ ಒಳಗಿಂದ ಕುಡುಗೋಲು ತಂದು ಅವನ ಕಾಲಿಗೆ ತಾಗಿಸಿದಳು, ಕಬ್ಬಿಣ ಮುಟ್ಟಿಸಿದರೆ ನಿಲ್ಲುತ್ತದೆ ಅಂತ. ನಿಲ್ಲಲಿಲ್ಲ.

ಪಕ್ಕದ ಮನೆ ನಾರಾಯಣಪ್ಪ ದೊಣ್ಣೆ ಹಿಡಿದುಕೊಂಡು ಬಂದ. "ಹುಚ್ಚು ಹಿಡ್ದಿದೆ ಕಣ್ರೋ. ದೂರ ನಿಂತ್ಕೊಳ್ಳಿ. ಒಂದೇ ಏಟಿಗೆ ಮುಗಿಸ್ತೀನಿ, ಅದಕ್ಕೂ ನೋವಾಗಲ್ಲ."

ವೇಣಿ ನಾಯಿಗೂ ದೊಣ್ಣೆಗೂ ನಡುವೆ ಕೂತುಬಿಟ್ಟಳು. ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದಳು. "ನಾರಾಯಣಪ್ಪ ಮಾಮ, ನಿಮ್ಮ ಮುಖನೂ ಇದ್ರಲ್ಲಿ ಬರ್ತಿದೆ. ಏಟು ಹಾಕಿ, ಊರೆಲ್ಲ ನೋಡ್ಲಿ" ಅಂದಳು. ಅವನು ದೊಣ್ಣೆ ಇಳಿಸಿದ. ನಾನು ಏನು ಮಾಡಿದೆ ಅಂತ ಕೇಳಿದರೆ, ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದೆ. ಇಳಿಸಬೇಕು ಅಂತಲೂ ಹೊಳೆಯಲಿಲ್ಲ.

ಎರಡು ನಿಮಿಷ ಆಗಿರಬಹುದು. ನಿಂತಿತು. ಎದ್ದವನು ಕಣ್ಣು ಕಾಣದವನ ಹಾಗೆ ಗೋಡೆಗೆ, ಕಲ್ಲಿಗೆ ಡಿಕ್ಕಿ ಹೊಡೆದುಕೊಂಡು ಓಡಾಡಿದ. ವೇಣಿ ಹತ್ತಿರ ಹೋದರೆ ಅವಳು ಯಾರು ಅಂತಲೇ ಗೊತ್ತಾಗದೆ ಹಲ್ಲು ತೋರಿಸಿದ. ಅವಳು ಅವತ್ತು ಅತ್ತದ್ದು ಆಗ ಮಾತ್ರ.

ಶಿಡ್ಲಘಟ್ಟದ ದನದ ಆಸ್ಪತ್ರೆಯಲ್ಲಿ ನೋಡಿ ಹುಚ್ಚಲ್ಲ ಅಂದರು, ಚಿಕ್ಕಬಳ್ಳಾಪುರದಲ್ಲಿ ನಾಯಿಗಳನ್ನೇ ಹೆಚ್ಚು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ಅಲ್ಲಿಗೆ ಹೋಗಿ ಅಂದರು. ಸೊಪ್ಪು ಸಾಗಿಸುವ ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ ಅವನನ್ನು ಮಲಗಿಸಿಕೊಂಡು ಹೋದೆವು. ಆಮೇಲೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಅಲ್ಲಿ ಕಾಯಲು ಎರಡು ಕಲ್ಲು ಬೆಂಚು, ಒಂದು ಹೊಂಗೆ ಮರ. ಕೈಚೀಲದಲ್ಲಿ ಕೋಳಿ ತಂದವರು, ಕುಂಟುವ ಕುರಿ ತಂದವರು, ಟೈಲ್ಸ್ ಮನೆಯ ಬಿಳಿ ನಾಯಿಯನ್ನು ಟವೆಲಿನಲ್ಲಿ ಸುತ್ತಿ ತಂದವರು, ಎಲ್ಲ ಒಂದೇ ಮರದ ಕೆಳಗೆ. ಮೊದಲ ದಿನ ಕೆಂಚನಿಗೆ ಸರದಿಯಲ್ಲೇ ಇನ್ನೊಂದು ಸಲ ಬಂತು. ಎಲ್ಲರೂ ಎದ್ದು ದೂರ ಹೋದರು. ಕುರಿ ತಂದಿದ್ದ ಮುದುಕರೊಬ್ಬರು ಮಾತ್ರ ಹೋಗಲಿಲ್ಲ. ತಮ್ಮ ಹೆಗಲ ಟವೆಲು ತೆಗೆದು ಕೆಂಚನ ತಲೆ ಕಲ್ಲಿಗೆ ಬಡಿಯದ ಹಾಗೆ ಅಡಿಗಿಟ್ಟರು. "ನನ್ನ ಮೊಮ್ಮಗಳಿಗೂ ಹಿಂಗೇ ಬರ್ತಿತ್ತಮ್ಮ. ಈಗ ಬಿಎ ಓದ್ತವಳೆ" ಅಂದರು. ಡಾಕ್ಟರು ಹೇಳಿದ ಎಲ್ಲದಕ್ಕಿಂತ ಆ ಮಾತು ವೇಣಿಗೆ ಹೆಚ್ಚು ಧೈರ್ಯ ಕೊಟ್ಟಿತು.

ಡಾಕ್ಟರಮ್ಮ ವಿಡಿಯೋ ನೋಡಿದರು, ರಕ್ತ ತೆಗೆದುಕೊಂಡರು. ಫಿಟ್ಸ್ ಅಂತ ಹೆಸರು ಹೇಳಿದರು. ವಾಸಿಯಾಗಿ ಹೋಗುವಂಥದ್ದಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂದರು. ಬಂದಾಗ ಬಾಯಿಗೆ ಕೈ ಹಾಕಬಾರದು, ನೀರು ಹಾಕಬಾರದು, ಸುತ್ತ ಏನೂ ತಗಲದಂತೆ ನೋಡಿಕೊಂಡು ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡಬೇಕು. ಬೆಳಗ್ಗೆ ಆರಕ್ಕೆ ಒಂದು ಮಾತ್ರೆ, ಸಂಜೆ ಆರಕ್ಕೆ ಒಂದು.

"ಒಂದು ಹೊತ್ತೂ ಬಿಡಬಾರ್ದು" ಅಂತ ನನ್ನನ್ನೇ ನೋಡಿ ಹೇಳಿದರು. "ಚೆನ್ನಾಗಿದಾನೆ ಅಂತ ಸಡನ್ನಾಗಿ ನಿಲ್ಸಿಬಿಟ್ರೆ ಮೊದಲಿಗಿಂತ ಜೋರಾಗಿ ಬರುತ್ತೆ. ಮನೇಲಿ ಯಾರು ಕೊಡೋರು?"

"ನಾನೇ ಮೇಡಂ" ಅಂದೆ.

ಅದು ಮನುಷ್ಯರ ಮಾತ್ರೆಯೇ. ಮೆಡಿಕಲ್ ಸ್ಟೋರಿನವನು ಚೀಟಿ ತಿರುಗಿಸಿ ನೋಡಿ ಪೇಷೆಂಟ್ ಹೆಸರು ಕೇಳಿದ. ಕೆಂಚ ಅಂದೆ. ಅವನಿಗೆ ಆಗ ನಾಲ್ಕು ವರ್ಷ, ವಯಸ್ಸು ಕೇಳಿದಾಗ ಅದನ್ನೇ ಹೇಳಿದೆ. ಅಂಗಡಿಯವನ ಮುಖ ಬಾಡಿತು. "ಅಯ್ಯೋ ಪಾಪ, ಇಷ್ಟು ಚಿಕ್ಕ ಮಗೂಗೆ. ಸ್ಕೂಲಿಗೆ ಹಾಕಿದೀರಾ?" ಅಂದ. ವೇಣಿ ದುಪಟ್ಟಾ ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಆ ದಿನಗಳಲ್ಲಿ ನಾವು ನಕ್ಕದ್ದು ಅದೊಂದೇ ಇರಬೇಕು.

ಅವಳು ದೊಡ್ಡ ಹಾಳೆಯೊಂದಕ್ಕೆ ಸ್ಕೇಲ್ ಇಟ್ಟು ಮನೆ ಹಾಕಿದಳು, ದಿನಕ್ಕೆ ಎರಡು ಮನೆ. ಮಾತ್ರೆ ಕೊಟ್ಟ ಕೂಡಲೇ ಒಂದು ಗೀಟು. ಫಿಟ್ಸ್ ಬಂದರೆ ಸೊನ್ನೆ, ಪಕ್ಕದಲ್ಲಿ ಎಷ್ಟು ನಿಮಿಷ. ಐದಾರು ತಿಂಗಳು ಆ ಹಾಳೆ ಸತ್ಯವಾಗಿತ್ತು. ಮೇಲ್ದವಡೆ ಎತ್ತಿ ಹಿಡಿದು, ಮಾತ್ರೆಯನ್ನು ನಾಲಿಗೆಯ ಹಿಂದಕ್ಕೆ ಇಟ್ಟು, ಬಾಯಿ ಮುಚ್ಚಿ, ಗಂಟಲು ನೀವಬೇಕು. ಮಣಿಕಟ್ಟಿನವರೆಗೆ ಜೊಲ್ಲು ಇಳಿಯುತ್ತದೆ. ಅಭ್ಯಾಸವಾಯಿತು. ಸೊನ್ನೆಗಳು ತಿಂಗಳಿಗೊಂದು, ಆಮೇಲೆ ಅದೂ ಇಲ್ಲ.

ಮಳೆಗಾಲದ ಒಂದು ಬೆಳೆ ನಮಗೆ ಹೋಯಿತು. ಹಾಲುತೊಂಡೆ ರೋಗ ಬಂದು, ಇನ್ನೇನು ಗೂಡು ಕಟ್ಟಬೇಕು ಅನ್ನುವ ಹುಳುಗಳು ಹಳದಿಯಾಗಿ ಊದಿಕೊಂಡು ಒಡೆದವು. ತಟ್ಟೆ ತಟ್ಟೆಯೇ ತಿಪ್ಪೆಗೆ ಸುರಿದೆವು. ನಾರಾಯಣಪ್ಪ ಬಂದು ನೋಡಿ, "ಆ ನಾಯಿ ಬಾಯಿ ನೊರೆ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದ್ರೆ ಹುಳ ನಿಲ್ತದೇನೋ ಮುನಿರಾಜ" ಅಂದ. ಅಮ್ಮನ ಮನಸ್ಸಿನಲ್ಲಿ ಅದು ಕೂತುಬಿಟ್ಟಿತು. ಹುಳು ಸಾಕುವವರಿಗೆ ಮಡಿ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹುಳು ಮನೆಯ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ತುಳಿದುಕೊಂಡೇ ಒಳಗೆ ಹೋಗುತ್ತೇವೆ. ಹೊರಗಿನವರನ್ನು ಬಿಡುವುದಿಲ್ಲ. ಕೊನೆಯ ಎಂಟು ದಿನ ಹುಳು ದೊಡ್ಡದಾಗಿ ಹಗಲು ರಾತ್ರಿ ತಿನ್ನುವಾಗ ನಾವು ಸಾವಿನ ಮನೆಗೂ ಹೋಗುವುದಿಲ್ಲ.

ಮುಂದಿನ ಬೆಳೆ ನಾಲ್ಕನೇ ಜ್ವರದಿಂದ ಎದ್ದಿತು. ಹುಳು ಪೊರೆ ಬಿಡುವ ಮೊದಲು ತಿನ್ನದೆ ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ, ನಾಲ್ಕನೆಯದು ಕೊನೆಯದು. ಅವತ್ತು ಅಮ್ಮ ಹೇಳಿದಳು: "ಇನ್ನ ಎಂಟು ದಿನ ಆ ನಾಯಿನ ಮುಟ್ಟಬೇಡ ರಾ. ಮುಟ್ಟಿದ್ರೆ ಹುಳದ ಮನೆಗೆ ಕಾಲಿಡಬೇಡ."

"ಮಾತ್ರೆ ಹೆಂಗೆ ಕೊಡೋದು?"

"ಮುದ್ದೇಲಿ ಇಟ್ಟು ದೂರದಿಂದ ಹಾಕು. ನುಂಗ್ತದೆ."

ಹಾಗೇ ಮಾಡಿದೆ. ಮುದ್ದೆಯ ತುಣುಕಿನೊಳಗೆ ಮಾತ್ರೆ ಇಟ್ಟು, ಸಾರಿನಲ್ಲಿ ಅದ್ದಿ, ನಾಲ್ಕು ಮಾರು ದೂರದಿಂದ ಎಸೆಯುತ್ತಿದ್ದೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಅಂತ ನಮಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಮೂರನೇ ದಿನ ಬೆಳಗ್ಗೆ ಮುದ್ದೆ ಎಸೆದಾದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಣ್ಣಿನಲ್ಲಿ ಬಿಳಿ ಚುಕ್ಕೆಗಳು ಕಂಡವು. ಬಗ್ಗಿ ನೋಡಿದೆ. ಮಾತ್ರೆಗಳು. ಸಾರು ನೆಕ್ಕಿ, ಮುದ್ದೆ ತಿಂದು, ಕಹಿಯನ್ನು ಅಚ್ಚುಕಟ್ಟಾಗಿ ಉಗಿದಿದ್ದ. ನಾಲ್ಕು ಇದ್ದವು. ಅಂದರೆ ಒಂದೂ ಒಳಗೆ ಹೋಗಿರಲಿಲ್ಲ.

ಒಂದು ಸೋಪು, ಒಂದು ಬಕೆಟ್ ನೀರು, ಇನ್ನೊಂದು ಲುಂಗಿ, ಇಷ್ಟೇ ಬೇಕಾಗಿದ್ದದ್ದು. ಮಾತ್ರೆ ಕೊಟ್ಟು ಮೈ ತೊಳೆದುಕೊಂಡು ಹೋಗಬಹುದಿತ್ತು. ನನಗೆ ಆಯಾಸವಾಗಿತ್ತು. ಅಮ್ಮನಿಗೆ ಕಣ್ಣಿನ ಪೊರೆ, ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು ಎಲ್ಲ ನಾನೊಬ್ಬನೇ. ಇನ್ನೂ ಒಂದು ಇತ್ತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ವೇಣಿ ಶನಿವಾರ ಬಸ್ಸಿಳಿದು ಬಂದರೆ ಬಾಗಿಲಿನಿಂದಲೇ "ಕೆಂಚಾ" ಅನ್ನುತ್ತಿದ್ದಳು. ಅಣ್ಣ ಅಂತ ಕರೆಯುತ್ತಿದ್ದದ್ದು ಆಮೇಲೆ, ಹಾಳೆ ನೋಡಿಯಾದ ಮೇಲೆ. ನಾಯಿಯ ಮೇಲೆ ನನಗೆ ಸಿಟ್ಟಿತ್ತು. ನಲವತ್ತು ವರ್ಷದವನಿಗೆ.

ಕಾಲಿನಿಂದ ಆ ಮಾತ್ರೆಗಳ ಮೇಲೆ ಮಣ್ಣು ಎಳೆದೆ. ಒಳಗೆ ಹೋಗಿ ಬೆಳಗಿನ ಮನೆಯಲ್ಲಿ ಗೀಟು ಹಾಕಿದೆ. ಅವತ್ತಿನಿಂದ ಮುದ್ದೆಯಲ್ಲೂ ಇಡಲಿಲ್ಲ. ಹೇಗೂ ಉಗಿಯುತ್ತಾನೆ ಅಂತ. ವೇಣಿ ಬಂದರೆ ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆಯನ್ನೂ ಎಣಿಸುತ್ತಾಳೆ, ಅದಕ್ಕೇ ಹೊತ್ತು ಹೊತ್ತಿಗೆ ಒಂದೊಂದು ಒತ್ತಿ ತೆಗೆದು ತಿಪ್ಪೆಗೆ ಎಸೆದೆ. ಸುಳ್ಳಿಗೂ ಇಷ್ಟು ನಿಗಾ ಇಟ್ಟವನು ನಿಜವಾಗಿ ಕೊಡಬಹುದಿತ್ತಲ್ಲ ಅಂತ ಈಗ ಅನ್ನಿಸುತ್ತದೆ. ಆ ನಡುವಿನ ಭಾನುವಾರ ಅವಳಿಗೆ ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಕೆಲಸವಿತ್ತು, ಬರಲಿಲ್ಲ. ಫೋನಿನಲ್ಲಿ "ಕೊಟ್ಯಾ ಅಣ್ಣ?" ಅಂತ ಕೇಳುತ್ತಿದ್ದಳು. "ಆಯ್ತು" ಅನ್ನುತ್ತಿದ್ದೆ.

ಎಂಟನೇ ದಿನ ಹುಳು ಹಣ್ಣಾಯಿತು. ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ನಾವು ಚಂದ್ರಿಕೆ ಅನ್ನುವುದಕ್ಕೆ, ಬಿಟ್ಟೆವು. ಬೆಳೆ ಚೆನ್ನಾಗಿತ್ತು. ಅವತ್ತೇ ಮಧ್ಯಾಹ್ನ ವೇಣಿ ಬಂದಳು, ಶನಿವಾರ ಅರ್ಧ ದಿನ ರಜೆ ಕೇಳಿಕೊಂಡು. ಅವಳು ಚಪ್ಪಲಿ ಬಿಡುತ್ತಿದ್ದಾಗಲೇ ಕೆಂಚ ಬಿದ್ದ.

ಒಂದು ನಿಂತಿತು, ಅವನು ಏಳುವ ಮೊದಲೇ ಇನ್ನೊಂದು ಬಂತು. ಆಮೇಲೆ ಮತ್ತೊಂದು. ವೇಣಿ ಫೋನಿನ ಗಡಿಯಾರ ನೋಡುತ್ತ ನಿಮಿಷ ಹೇಳುತ್ತಿದ್ದಳು, ಅವಳ ದನಿ ಸಣ್ಣಗಾಗುತ್ತಾ ಹೋಯಿತು. ಆಟೋದಲ್ಲಿ ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಐದು. ಡಾಕ್ಟರಮ್ಮ ಕಾಲಿನ ನರಕ್ಕೆ ಇಂಜೆಕ್ಷನ್ ಹಾಕಿದರು. ಕೆಂಚ ಬಟ್ಟೆಯ ಹಾಗೆ ಸಡಿಲವಾದ.

ಆಮೇಲೆ ಅವರು ಹಾಳೆ ಕೇಳಿದರು. ವೇಣಿ ಬಾಗಿಲಿನಿಂದ ಕಿತ್ತು ತಂದಿದ್ದಳು. ಡಾಕ್ಟರಮ್ಮ ಪ್ರತಿ ಮನೆಯ ಮೇಲೂ ಪೆನ್ನಿನ ತುದಿ ಓಡಿಸಿದರು.

"ಒಂದೂ ತಪ್ಪಿಲ್ಲ."

"ಅಣ್ಣ ಒಂದು ಹೊತ್ತೂ ಬಿಟ್ಟಿಲ್ಲ ಮೇಡಂ" ಅಂದಳು ವೇಣಿ. "ಹುಳ ದೊಡ್ಡದಾಗಿದ್ವು, ಅವ್ನಿಗೆ ಊಟ ಮಾಡಕ್ಕೂ ಟೈಮಿರಲಿಲ್ಲ. ಆದ್ರೂ ಬಿಟ್ಟಿಲ್ಲ."

ಡಾಕ್ಟರಮ್ಮ ನನ್ನ ಕಡೆ ನೋಡಿ ತಲೆ ಆಡಿಸಿದರು, ಮೆಚ್ಚಿ. "ಹಾಗಾದ್ರೆ ಈ ಮಾತ್ರೆ ಇವನಿಗೆ ಸಾಕಾಗ್ತಿಲ್ಲ. ಡೋಸ್ ಜಾಸ್ತಿ ಮಾಡ್ತೀನಿ, ಜೊತೆಗೆ ಇನ್ನೊಂದು ಸೇರಿಸ್ತೀನಿ."

ಅವರು ಬರೆಯುತ್ತಿದ್ದರು. ಬರೆದು ಮುಗಿಸುವವರೆಗೂ ನನಗೆ ಸಮಯವಿತ್ತು. ಗೋಡೆಯ ಮೇಲೆ ಹಸುವಿನ ಹೊಟ್ಟೆಯ ಚಿತ್ರವಿತ್ತು, ಅದನ್ನು ನೋಡುತ್ತ ನಿಂತಿದ್ದೆ.

ಆಮೇಲಿನ ದಿನಗಳಲ್ಲಿ ನಾನು ಮಾತ್ರೆಯನ್ನು ಸರಿಯಾಗಿ ಕೊಟ್ಟೆ, ಕೈಯಿಂದಲೇ, ಎರಡೂ ತರಹದ್ದನ್ನು, ಆರಕ್ಕೆ ಆರಕ್ಕೆ. ಅದೇ ಅವನಿಗೆ ಕಷ್ಟವಾಯಿತು. ಬೇಕಾದದ್ದಕ್ಕಿಂತ ಹೆಚ್ಚು ಔಷಧ. ಹಿಂಗಾಲು ಒಂದಕ್ಕೊಂದು ತೊಡರಿ ಬೀಳುತ್ತಿದ್ದ. ನೀರಿನ ಬಾನಿಯ ಹತ್ತಿರ ಹೋದವನು ಅದರಲ್ಲೇ ಮೂತಿ ಇಟ್ಟು ನಿದ್ದೆ ಹೋಗುತ್ತಿದ್ದ. ಮಲಗಿದಲ್ಲೇ ಉಚ್ಚೆ. ಸೊಪ್ಪು ಕೊಯ್ಯಲು ಹೋದರೆ ಹಿಂದೆ ಬರುತ್ತಿದ್ದವನು ಈಗ ಹೊಸ್ತಿಲು ದಾಟಲಾರ. ಇದೆಲ್ಲ ಕಾಯಿಲೆಯೇ ಹೆಚ್ಚಾಗಿ ಆಗುತ್ತಿದೆ ಅಂತ ವೇಣಿ ಅಂದುಕೊಂಡಳು. ವೇಣಿ ಒಂದು ವಾರ ರಜೆ ಹಾಕಿದಳು, ಇನ್ನೊಂದು ವಾರ ಕೇಳಿದರೆ ಕೊಡಲಿಲ್ಲ, ಆದರೂ ಹೋಗಲಿಲ್ಲ. ಅವನ ಅಡಿಯ ಗೋಣಿಚೀಲ ಒಗೆಯುವುದು, ಎತ್ತಿ ಹಿಡಿದು ಹೊರಗೆ ಕರೆದುಕೊಂಡು ಹೋಗುವುದು, ಅದೇ ಅವಳ ಕೆಲಸವಾಯಿತು.

ಒಂದು ಸಂಜೆ ಮಾತ್ರೆ ಕೊಟ್ಟು ಕೈ ತೊಳೆಯುತ್ತಿದ್ದೆ. ವೇಣಿ ಕೆಂಚನ ಪಕ್ಕ ಕೂತಿದ್ದಳು. "ಅಣ್ಣ" ಅಂದಳು, "ಎರಡೆರಡು ಮಾತ್ರೆಗೂ ನಿಲ್ಲದ ಕಾಯಿಲೆ ಇನ್ನೇನು ನಿಲ್ತದೆ. ಇವನು ನೋಡು, ಬದುಕಿದಾನೆ ಅಂತ ಹೆಸರಿಗೆ ಅಷ್ಟೇ. ಮೇಡಂನ ಕೇಳಣ. ನಿದ್ದೆ ಇಂಜೆಕ್ಷನ್ ಕೊಡ್ತಾರಂತಲ್ಲ, ಏಳದೇ ಇರೋ ಅಂಥದ್ದು. ನಾನೇ ಹಿಡ್ಕೊಂಡಿರ್ತೀನಿ."

ಅಮ್ಮ ಒಲೆಯ ಮುಂದಿನಿಂದ "ಅಷ್ಟೇ ಬಿಡಮ್ಮ, ಅದರ ರುಣ ಅಷ್ಟೇ" ಅಂದಳು.

ನಾನು ಕೈ ತೊಳೆಯುತ್ತಲೇ ಇದ್ದೆ. ನೀರು ಮುಗಿದಿತ್ತು. ಆಗಲಾದರೂ ಹೇಳಬೇಕಿತ್ತು. "ನಾಳೆ ಹೋಗಣ" ಅಂದೆ.

ಮಾರನೆಯ ದಿನ ಆಟೋದಲ್ಲಿ ಕೆಂಚ ವೇಣಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದ. ಅವಳು ಅವನಿಗೆ ಸ್ನಾನ ಮಾಡಿಸಿದ್ದಳು. ಹೊಂಗೆ ಮರದ ಕೆಳಗೆ ನಮ್ಮ ಮುಂದೆ ಇಬ್ಬರಿದ್ದರು. ಒಬ್ಬರು ಹೋದರು. ಇನ್ನೊಬ್ಬರೂ ಹೋದರು. ಒಳಗೆ ಹೋದ ಮೇಲೆ ವೇಣಿ ಮಾತು ಶುರು ಮಾಡಿದಳು, "ಮೇಡಂ, ನಾವೊಂದು ಯೋಚನೆ ಮಾಡಿದೀವಿ" ಅಂತ. ಮುಂದಿನದು ಅವಳ ಬಾಯಿಂದ ಬರುವ ಮೊದಲು ನಾನು ಹೇಳಿದೆ:

"ಮೇಡಂ, ಆ ಹಾಳೆ ಸುಳ್ಳು."

ಹೇಳಿದ್ದು ಬಹಳ ಮೆತ್ತಗೆ. ಡಾಕ್ಟರಮ್ಮ ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಹುಳುವಿನ ವಿಷಯ, ಮುದ್ದೆಯ ವಿಷಯ, ತಿಪ್ಪೆಯ ವಿಷಯ. ವೇಣಿ ನನ್ನನ್ನು ನೋಡಲಿಲ್ಲ. ಕೆಂಚನ ಕಿವಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಕೂತಿದ್ದಳು.

ಬೈಯುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಮ್ಮ ಕಡತದಿಂದ ಹಾಳೆ ತೆಗೆದು ನನ್ನ ಮುಂದಿಟ್ಟು, ಕೆಂಪು ಪೆನ್ನು ಕೊಟ್ಟರು. "ಯಾವ ಯಾವ ಗೀಟು ಸುಳ್ಳು ಅಂತ ಸುತ್ತು ಹಾಕಿ. ಅಂದಾಜು ಬೇಡ, ಸರಿಯಾಗಿ ಬೇಕು. ಅದರ ಮೇಲೆ ನಾನು ಡೋಸ್ ಇಳಿಸ್ಬೇಕು."

ತಾರೀಖು ನನಗೆ ನೆನಪಿರುವುದಿಲ್ಲ. ಹುಳುವಿನ ಲೆಕ್ಕದಲ್ಲಿ ಹೊರಟೆ. ನಾಲ್ಕನೇ ಜ್ವರ ಎದ್ದದ್ದು ಶನಿವಾರ, ಅವತ್ತು ಮಧ್ಯಾಹ್ನ ಮೊದಲ ಸೊಪ್ಪು, ಅವತ್ತು ಸಂಜೆಯಿಂದ ಮುದ್ದೆ. ಮೂರನೇ ದಿನ ಬೆಳಗ್ಗೆ ಕಲ್ಲಿನ ಹತ್ತಿರ ನೋಡಿದ್ದು. ಚಂದ್ರಿಕೆಗೆ ಬಿಟ್ಟ ದಿನ ಬೆಳಗ್ಗೆ ಕೊನೆಯದು. ಒಂದೊಂದಾಗಿ ಸುತ್ತು ಹಾಕಿದೆ. ಒಂದು ಸುತ್ತು ದೊಡ್ಡದಾಗಿ ಪಕ್ಕದ ಮನೆಗೂ ಹೋಯಿತು. "ಅದು ನಿಜದ್ದು" ಅಂದೆ. ವೇಣಿ ಆಗ ಮೊದಲ ಸಲ ಬಾಯಿ ಬಿಟ್ಟಳು, "ಯಾವುದು ನಿಜದ್ದು ಅಂತ ಇನ್ನ ಮೇಲೆ ನಂಗೆ ಹೆಂಗೆ ಗೊತ್ತಾಗ್ಬೇಕು" ಅಂತ. ಯಾರಿಗೂ ಅಲ್ಲ, ಮೇಜಿಗೆ ಹೇಳಿದ ಹಾಗೆ.

ಡಾಕ್ಟರಮ್ಮ ಕೆಂಪು ಸುತ್ತುಗಳನ್ನು ಎಣಿಸಿದರು. "ನಾಯಿ ಜೊಲ್ಲಿಂದ ನಿಮ್ಮ ಹುಳಕ್ಕೆ ರೋಗ ಬರಲ್ಲ. ಇದನ್ನ ನೀವು ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ" ಅಂದರು. ಅಷ್ಟೇ. ಎರಡನೇ ಮಾತ್ರೆಯನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸುವುದು, ಮೊದಲನೆಯದನ್ನು ಹಳೆಯ ಅಳತೆಗೆ ತರುವುದು ಅಂತ ಬರೆದುಕೊಟ್ಟರು. ಇಂಜೆಕ್ಷನ್ ಮಾತು ಯಾರೂ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ವೇಣಿ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಕೋಣೆಯಲ್ಲಿ ಎದುರಿಗೆ ಇದ್ದರೂ "ಅಮ್ಮ, ನಿನ್ನ ಮಗನಿಗೆ ಊಟಕ್ಕೆ ಬರಕ್ಕೆ ಹೇಳು" ಅನ್ನುವಳು. ಅಮ್ಮನಿಗೆ ರೇಗುತ್ತಿತ್ತು. "ನಾನೇನು ನಿಮ್ಮಿಬ್ಬರ ಮಧ್ಯೆ ಟಪಾಲು ಪೆಟ್ಟಿಗೇನಾ? ನಾಯಿ ಮುಟ್ಟಬೇಡ ಅಂದೋಳು ನಾನು, ನನ್ನನ್ನೂ ಬಿಟ್ಟುಬಿಡು ಮಾತು." ವೇಣಿ ಅದಕ್ಕೆ "ನೀನು ಮುದ್ದೇಲಿ ಇಡು ಅಂದೆ. ತಿಪ್ಪೆಗೆ ಹಾಕು ಅನ್ನಲಿಲ್ಲ" ಅಂದಳು.

ಅವಳ ಕಷ್ಟ ಏನೆಂದರೆ, ಕೆಂಚನನ್ನು ಮತ್ತೆ ನನ್ನ ಕೈಗೇ ಒಪ್ಪಿಸಬೇಕಾಗಿತ್ತು. ರೂಮಿಗೆ ಕರೆದುಕೊಂಡು ಹೋಗುವ ಹಾಗಿಲ್ಲ, ಅಮ್ಮನಿಗೆ ಕಣ್ಣು ಕಾಣುವುದಿಲ್ಲ, ಊರಿನವರು ಹತ್ತಿರ ಬರುವುದಿಲ್ಲ. ಕೆಲಸ ಬಿಟ್ಟರೆ ಇನ್ನೊಂದು ಸಿಗುವುದೂ ಕಷ್ಟ. ಸೋಮವಾರ ಬೆಳಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ, "ಆರು ಗಂಟೆಗೆ ವಿಡಿಯೋ ಕಾಲ್ ಮಾಡ್ತೀನಿ. ಎರಡು ಹೊತ್ತೂ" ಅಂದು ಹೋದಳು.

ಮಾಡುತ್ತಿದ್ದಳು. ಫೋನನ್ನು ಗೋಡೆಗೆ ಒರಗಿಸಿ ಇಡಬೇಕು. ಮಾತ್ರೆ ತೋರಿಸಬೇಕು, ಬಾಯಿಗೆ ಹಾಕಬೇಕು, ಗಂಟಲು ನೀವಬೇಕು. "ಬಾಯಿ ತೆರೆಸು. ನಾಲಿಗೆ ಎತ್ತು. ಆ ಕಡೆ ದವಡೆ ತೋರ್ಸು." ಅವಳ ಹಿಂದೆ ಫ್ಯಾಕ್ಟರಿ ಬಸ್ಸಿನ ಸದ್ದು, ಜೊತೆಯವರ ನಗು ಕೇಳುತ್ತಿತ್ತು. "ಹ್ಞೂಂ" ಅಂದು ಕತ್ತರಿಸುವಳು. ಅಣ್ಣ ಅನ್ನುವ ಪದ ಅದರಲ್ಲಿ ಇರುತ್ತಿರಲಿಲ್ಲ. ನನಗೆ ಅವಮಾನ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಮಾಧಾನವೂ ಇತ್ತು, ಯಾರಾದರೂ ನೋಡುತ್ತಿದ್ದಾರಲ್ಲ ಅಂತ. ಹುಳು ದೊಡ್ಡದಾದ ದಿನಗಳಲ್ಲೂ ಕೊಟ್ಟೆ. ಸೋಪು ಹಾಕಿ ಕೈ ತೊಳೆದು, ಲುಂಗಿ ಬದಲಾಯಿಸಿ ಒಳಗೆ ಹೋದೆ. ಅಮ್ಮ ಮುಖ ತಿರುಗಿಸಿಕೊಂಡಳು. ಬೆಳೆಗೆ ಏನೂ ಆಗಲಿಲ್ಲ.

ಕೆಂಚ ನಿಧಾನವಾಗಿ ಎದ್ದ. ಎರಡು ತಿಂಗಳ ಮೇಲೆ ತೋಟದ ಬದುವಿನವರೆಗೆ ನಡೆದು ಬಂದ. ಎಲ್ಲ ಮೊದಲಿನ ಹಾಗಾಯಿತು ಅಂತ ಬರೆಯಲಾರೆ. ಎಡ ಹಿಂಗಾಲು ಈಗಲೂ ಎಳೆಯುತ್ತದೆ. ಆ ಐದು ಸಲದ ಪೆಟ್ಟೋ, ಔಷಧದ್ದೋ, ಡಾಕ್ಟರಮ್ಮನಿಗೂ ಖಚಿತವಾಗಿ ಗೊತ್ತಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಂದು ಫಿಟ್ಸ್ ಬರುತ್ತದೆ. ಬಂದರೆ ನಾರಾಯಣಪ್ಪನೇ ಈಗ ಗೋಡೆಯಾಚೆಯಿಂದ "ಗಡಿಯಾರ ನೋಡ್ಕೊಳ್ರಪ್ಪ" ಅನ್ನುತ್ತಾನೆ. ಹೊಂದಿಕೊಂಡಿದ್ದೇವೆ. ಎಲ್ಲಿಗೂ ಒಂದು ರಾತ್ರಿ ಉಳಿಯಲು ಹೋಗುವುದಿಲ್ಲ, ನೆಂಟರ ಮದುವೆಯಲ್ಲೂ ಸಂಜೆ ಐದಕ್ಕೆ ಎದ್ದು ಬರುತ್ತೇನೆ. ಮುಗಿಯುವ ಕೆಲಸವಲ್ಲ ಇದು. ಆಯಾಸವಾಗುತ್ತದೆ ಅಂತ ಹೇಳಿದರೆ ತಪ್ಪಿಲ್ಲ ಅಂತ ಈಗ ಗೊತ್ತಾಗಿದೆ. ಅವತ್ತು ಅದನ್ನೇ ಫೋನಿನಲ್ಲಿ ಹೇಳಿದ್ದರೆ ವೇಣಿ ಏನಾದರೂ ದಾರಿ ಹುಡುಕುತ್ತಿದ್ದಳು.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅವನಿಗೆ ಬಂತು. ವೇಣಿ ತಲೆ ಹಿಡಿದಳು, ನಾನು ಗಡಿಯಾರ ನೋಡಿದೆ. ಒಂದೂವರೆ ನಿಮಿಷ. ಎದ್ದ ಮೇಲೆ ಎಂದಿನಂತೆ ಕುರುಡನ ಹಾಗೆ ಸುತ್ತಿದ. ನಾವಿಬ್ಬರೂ ಅವನು ನಮ್ಮನ್ನು ಗುರುತು ಹಿಡಿಯಲಿ ಅಂತ ಜಗಲಿಯ ಮೇಲೆ ಕಾಯುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಬಂದು ವೇಣಿಯ ಪಾದ ಮೂಸಿದ, ಬಾಲ ಒಂದು ಸಲ ಆಡಿತು.

ಅವಳು ಅಳುತ್ತಿದ್ದಳು. "ಇವನು ನನ್ನ ಮೂಸಿದಾಗೆಲ್ಲ ನಂಗೆ ಅದೇ ಜ್ಞಾಪಕ ಬರ್ತದೆ ಅಣ್ಣ" ಅಂದಳು. ತಿಂಗಳುಗಳ ಮೇಲೆ ಅಣ್ಣ ಅಂದಿದ್ದಳು, ಅವಳಿಗೆ ಗೊತ್ತಾಗಿರಲಿಲ್ಲ ಅಂತ ಕಾಣುತ್ತದೆ. "ಸ್ನಾನ ಮಾಡ್ಸಿ ಕರ್ಕೊಂಡು ಹೋದ್ನಲ್ಲ ಸಾಯ್ಸಕ್ಕೆ. ನಾನೇ ಹಿಡ್ಕೊಂಡಿರ್ತೀನಿ ಅಂದ್ನಲ್ಲ. ಹೆಂಗೆ ಬಂತು ನನ್ನ ಬಾಯಲ್ಲಿ ಆ ಮಾತು. ನಿಂಗೆ ಅನ್ನಕ್ಕೆ ನಂಗೇನು ಯೋಗ್ಯತೆ ಇದೆ. ನಂದೂ ತಪ್ಪೇ."

ಅವಳು ಇಷ್ಟು ದಿನ ಅದನ್ನು ಹೊತ್ತುಕೊಂಡು ಗೌರಿಬಿದನೂರಿಗೆ ಹೋಗಿ ಬರುತ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ನಾನು ಡಾಕ್ಟರಿಗೆ ನಿಜ ಹೇಳಿದ್ದೆ. ವೇಣಿಗೆ ಕಾರಣ ಹೇಳಿದ್ದೆ: ಬೆಳೆ ಹೋಗುತ್ತದೆ ಅಂತ ಭಯವಾಯಿತು, ಅಮ್ಮ ಹಾಗಂದಳು, ನಾನೊಬ್ಬನೇ ಇದ್ದೆ. ನಿಜ ಹೇಳಿದ್ದರಿಂದ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ, ಅಪ್ಪ ಸಾಯುವಾಗಲೂ ಹೇಳಲಿಲ್ಲ. ಅದು ಬಾಯಿಗೆ ಬರಲು ಹೊತ್ತು ಹಿಡಿಯಿತು. ಕೆಂಚ ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಮಲಗಿದ್ದ.

"ನಿಂದೇನೂ ತಪ್ಪಿಲ್ಲ ವೇಣಮ್ಮ" ಅಂದೆ. "ಔಷಧಿ ಕೇಳ್ತಿಲ್ಲ ಅಂತ ನೀನು ನಂಬಿದ್ದು ನನ್ನ ಗೀಟು ನೋಡಿ. ಹುಳ ಅನ್ನೋದು ನೆಪ. ಮಣ್ಣ ಮೇಲೆ ಮಾತ್ರೆ ನೋಡಿದ ಮೇಲೂ ನಾನು ಗೀಟು ಹಾಕ್ದೆ. ಡಾಕ್ಟ್ರ ಮುಂದೆ ನೀನು ನನ್ನ ಹೊಗಳ್ದಾಗ ಬಾಯಿ ಮುಚ್ಕೊಂಡು ನಿಂತಿದ್ದೆ. ಇಂಜೆಕ್ಷನ್ ಮಾತು ನೀನು ಆಡಿದ್ದಲ್ಲ, ನಾನು ಆಡಿಸಿದ್ದು. ನನ್ನಿಂದ ತಪ್ಪಾಯ್ತು ಕಣಮ್ಮ. ನಿಂಗೂ ತಪ್ಪು ಮಾಡ್ದೆ, ಇವನಿಗೂ ತಪ್ಪು ಮಾಡ್ದೆ. ತಪ್ಪಾಯ್ತು."